ಮರಳಿ ಬರುವ ಮುಖಗಳು: ಒಸಾಮು ತೆಜುಕಾ ಮತ್ತು ಪುನರ್ಜನ್ಮದ ಪ್ರಶ್ನೆ

ಸತ್ತ ಜೀವ ಮತ್ತೆ ಹುಟ್ಟುವುದಾದರೆ, ಹಾಗೆ ಹುಟ್ಟಿ ಬರುವುದು ಯಾರು? ಆತ್ಮವನ್ನು ಒಪ್ಪುವ ದರ್ಶನಗಳಲ್ಲಿ ಇದಕ್ಕೆ ನೇರ ಉತ್ತರವಿದೆ: ದೇಹ ಬೀಳುತ್ತದೆ, ಆತ್ಮ ಉಳಿದು ಬೇರೊಂದು ದೇಹ ಪಡೆಯುತ್ತದೆ. ಜೈನರೂ ಜೀವವೆಂಬ ನಿತ್ಯದ್ರವ್ಯವನ್ನು ಒಪ್ಪುತ್ತಾರೆ. ಅದಕ್ಕೆ ಅಂಟಿದ ಕರ್ಮವೇ ಅದನ್ನು ಭವದಿಂದ ಭವಕ್ಕೆ ಸಾಗಿಸುತ್ತದೆ ಎನ್ನುತ್ತಾರೆ. ತೊಡಕು ಬರುವುದು ಬೌದ್ಧರಿಗೆ. ಸ್ಥಿರವಾದ ಆತ್ಮವಿಲ್ಲ ಎಂಬ ಮಾತನ್ನೂ ಮರುಹುಟ್ಟು ಇದೆ ಎಂಬ ಮಾತನ್ನೂ ಅವರು ಒಟ್ಟಿಗೆ ನಿಲ್ಲಿಸಬೇಕು. ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನನು ದೊರೆ ಮಿಲಿಂದನಿಗೆ ಒಂದು ದೀಪದಿಂದ ಹೊತ್ತಿಸಿದ ಇನ್ನೊಂದು ದೀಪವನ್ನು ನಿದರ್ಶನವಾಗಿ ತೋರಿಸಿ, ಯಾವ ವಸ್ತುವೂ ದಾಟಿ ಹೋಗದೆಯೇ ಹುಟ್ಟು ಮುಂದುವರಿಯುತ್ತದೆ ಎಂದು ವಿವರಿಸುತ್ತಾನೆ. ಇಪ್ಪತ್ತನೆಯ ಶತಮಾನದಲ್ಲಿ ಈ ತೊಡಕನ್ನು ಚಿತ್ರಕಥೆಯ ಪುಟಗಳಿಗೆ ತಂದು, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದರ ಬೆನ್ನುಹತ್ತಿದವರು ಜಪಾನಿನ ಒಸಾಮು ತೆಜುಕಾ (1928–1989). ಸಾಯದೆ ಉಳಿಯುವುದು ಜೀವವೇ ಹೊರತು ವ್ಯಕ್ತಿಯಲ್ಲ, ವ್ಯಕ್ತಿಯಾಗಿಯೇ ಉಳಿಯಬೇಕೆಂಬ ಆಸೆಯಿಂದಲೇ ದುಃಖ ಹುಟ್ಟುತ್ತದೆ ಎಂಬುದು ಅವರ ಕೃತಿಗಳಿಂದ ಹೊರಡುವ ಉತ್ತರ. ಆ ಉತ್ತರ ರೂಪುಗೊಂಡ ಬಗೆ ಅವರ ಬದುಕಿನೊಂದಿಗೂ ಅವರ ಕಲೆಯ ತಂತ್ರದೊಂದಿಗೂ ಬಿಡಿಸಲಾಗದಂತೆ ಹೆಣೆದುಕೊಂಡಿದೆ.

ತೆಜುಕಾ ಹುಟ್ಟಿದ್ದು 1928ರ ನವೆಂಬರ್ 3ರಂದು, ಒಸಾಕಾ ಪ್ರಾಂತದ ಟೊಯೊನಾಕಾದಲ್ಲಿ; ಬೆಳೆದದ್ದು ಹ್ಯೋಗೊ ಪ್ರಾಂತದ ತಕರಾಜುಕಾದಲ್ಲಿ. ಹೆಂಗಸರೇ ಎಲ್ಲ ಪಾತ್ರಗಳನ್ನೂ ಮಾಡುವ ನಾಟಕ ಕಂಪನಿಗೆ ಹೆಸರಾದ ಊರದು. ತಾಯಿ ಮಗನನ್ನು ಆ ಪ್ರದರ್ಶನಗಳಿಗೆ ಕರೆದೊಯ್ಯುತ್ತಿದ್ದರು. ತಂದೆ ಮನೆಗೇ ತಂದಿದ್ದ ಪ್ರೊಜೆಕ್ಟರಿನಲ್ಲಿ ಡಿಸ್ನಿ ಮತ್ತು ಚಾಪ್ಲಿನ್ ಚಿತ್ರಗಳನ್ನು ತೋರಿಸುತ್ತಿದ್ದರು. ಬಾಲಕನಿಗೆ ಇವುಗಳಷ್ಟೇ ಇನ್ನೊಂದು ಹುಚ್ಚು ಹುಳುಗಳದು. ಜೀರುಂಡೆಗಳನ್ನೂ ಚಿಟ್ಟೆಗಳನ್ನೂ ಹಿಡಿದು, ಕೂದಲೆಳೆ ತಪ್ಪದಂತೆ ಅವುಗಳ ಚಿತ್ರ ಬರೆದು ಪಟ್ಟಿ ಮಾಡುತ್ತಿದ್ದರು. ಹುಳುವನ್ನು ಸೂಚಿಸುವ ಲಿಪಿಚಿಹ್ನೆಯೊಂದನ್ನು ತಮ್ಮ ಹೆಸರಿನ ಬರಹಕ್ಕೆ ಸೇರಿಸಿಕೊಂಡದ್ದೂ ಈ ಹುಚ್ಚಿನಿಂದಲೇ. ಮೊಟ್ಟೆ, ಮರಿಹುಳು, ಕೋಶ, ಚಿಟ್ಟೆ ಎಂದು ಒಂದೇ ಜೀವ ನಾಲ್ಕು ರೂಪ ತಾಳುವುದನ್ನು ಹತ್ತಿರದಿಂದ ಕಂಡವರ ಕಥೆಗಳಲ್ಲಿ ರೂಪಾಂತರವೇ ಮುಖ್ಯ ಘಟನೆಯಾದದ್ದು ಸಹಜ.

ಎರಡನೆಯ ಮಹಾಯುದ್ಧ ಈ ಬಾಲ್ಯವನ್ನು ಮುಗಿಸಿತು. 1945ರ ಜೂನ್‌ನಲ್ಲಿ ಅಮೆರಿಕದ ವಿಮಾನಗಳು ಒಸಾಕಾದ ಮೇಲೆ ಬಾಂಬು ಸುರಿಸಿದಾಗ, ಹದಿನಾರರ ತೆಜುಕಾ ಶಾಲೆಯ ಹುಡುಗರನ್ನು ದುಡಿಸಿಕೊಳ್ಳುತ್ತಿದ್ದ ಯುದ್ಧಸಾಮಗ್ರಿಯ ಕಾರ್ಖಾನೆಯ ಕಾವಲು ಅಟ್ಟಣೆಯ ಮೇಲಿದ್ದರು. ಅವರು ಬದುಕಿದರು, ಸುತ್ತಲಿನ ಬಹಳ ಜನ ಬದುಕಲಿಲ್ಲ. ಯೊದೊ ನದಿಯ ದಂಡೆಯಲ್ಲಿ ಕಂಡ ಹೆಣಗಳ ರಾಶಿಯ ವಿಷಯವನ್ನು ಮುಂದೆ ಮತ್ತೆ ಮತ್ತೆ ಹೇಳಿದರು, ಚಿತ್ರಿಸಿದರು. ಅದೇ ವರ್ಷ ಒಸಾಕಾದಲ್ಲಿ ವೈದ್ಯಕೀಯ ಶಿಕ್ಷಣಕ್ಕೆ ಸೇರಿದರು. ಓದಿನ ನಡುವೆಯೇ 1946ರಲ್ಲಿ ಪತ್ರಿಕೆಯೊಂದರಲ್ಲಿ ಮೊದಲ ಸ್ಟ್ರಿಪ್ ಪ್ರಕಟವಾಯಿತು. 1947ರಲ್ಲಿ ಶಿಚಿಮಾ ಸಕಾಯ್ ಅವರೊಂದಿಗೆ ತಂದ ‘ಶಿನ್ ತಕರಾಜಿಮಾ’ (ಹೊಸ ನಿಧಿದ್ವೀಪ) ಸುಮಾರು 4 ಲಕ್ಷ ಪ್ರತಿ ಮಾರಾಟವಾಯಿತೆಂದು ಹೇಳಲಾಗುತ್ತದೆ. ವೈದ್ಯರಾಗಿ ಪರವಾನಗಿ ಪಡೆದರೂ ವೃತ್ತಿ ಹಿಡಿಯಲಿಲ್ಲ. ಆದರೆ ವಿಜ್ಞಾನವನ್ನು ಕೈಬಿಡಲಿಲ್ಲ. 1961ರಲ್ಲಿ ನಾರಾ ವೈದ್ಯಕೀಯ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಪ್ರಬಂಧದ ವಿಷಯ ಕೆರೆಯ ಬಸವನಹುಳುವಿನ ವೀರ್ಯಕೋಶಗಳ ಸೂಕ್ಷ್ಮ ರಚನೆ. ಸಾವನ್ನು ಬೀದಿಯಲ್ಲಿ ಕಂಡವರು ಹುಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅವರ ಪುನರ್ಜನ್ಮ ಚಿಂತನೆಯಲ್ಲಿ ಧರ್ಮಗ್ರಂಥದಷ್ಟೇ ಜೀವಶಾಸ್ತ್ರವೂ ಮಾತಾಡುವುದು ಇದರಿಂದ.

ತೆಜುಕಾ ಜಪಾನಿನ ಚಿತ್ರಕಥೆಗೆ, ಅಂದರೆ ಮಾಂಗಾಕ್ಕೆ, ಸಿನಿಮಾದ ನಡೆಯನ್ನು ತಂದರು. ಒಂದೇ ಚಲನೆಯನ್ನು ಹಲವು ಚೌಕಟ್ಟುಗಳಿಗೆ ಹಂಚುವುದು, ದೂರದ ನೋಟದಿಂದ ಸಮೀಪದ ನೋಟಕ್ಕೆ ಸರಿಯುವುದು, ನೂರಾರು ಪುಟಗಳ ದೀರ್ಘ ಕಥೆಗೆ ದುರಂತದ ಭಾರ ಹೊರಿಸುವುದು ಅವರ ಕೈಯಲ್ಲಿ ರೂಢಿಯಾದವು. 1950ರಲ್ಲಿ ಸಿಂಹದ ಮರಿಯೊಂದರ ಕಥೆಯಾದ ‘ಜಂಗಲ್ ತೈತೆಯ್’, 1952ರಲ್ಲಿ ‘ತೆತ್ಸುವಾನ್ ಅತೊಮು’ (ಆಸ್ಟ್ರೋ ಬಾಯ್), 1953ರಲ್ಲಿ ‘ರಿಬ್ಬನ್ ನೊ ಕಿಶಿ’ ಆರಂಭವಾದವು. 1963ರ ಜನವರಿ 1ರಂದು ಅತೊಮುವಿನ ಅನಿಮೇಷನ್ ಸರಣಿ ಜಪಾನಿನ ದೂರದರ್ಶನದಲ್ಲಿ ಶುರುವಾಗಿ ಅವರ ಹೆಸರನ್ನು ದೇಶದ ಹೊರಗೂ ಒಯ್ದಿತು.

ಅತೊಮುವಿನ ಕಥೆಯಲ್ಲೇ ಮುಂದಿನ ಪ್ರಶ್ನೆಯ ಬೀಜವಿದೆ. ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ವಿಜ್ಞಾನಿ ತೆನ್ಮಾ ಅದೇ ಮುಖದ ರೋಬೊ ಒಂದನ್ನು ಕಟ್ಟುತ್ತಾನೆ. ವರ್ಷಗಳು ಕಳೆದರೂ ಅದು ಬೆಳೆಯುವುದಿಲ್ಲ ಎಂದು ತಿಳಿದಾಗ ಅದನ್ನು ಸರ್ಕಸ್ಸಿಗೆ ಮಾರಿಬಿಡುತ್ತಾನೆ. ಮುಖ ಮರಳಿತು, ಮಗ ಮರಳಲಿಲ್ಲ. ತಂದೆಗೆ ಬೇಕಾಗಿದ್ದದ್ದು ಸತ್ತವನೇ ಹೊರತು ಹೊಸದಾಗಿ ಹುಟ್ಟಿದವನಲ್ಲ. ಹಾಗಿದ್ದರೂ ಆ ರೋಬೊ ತನ್ನದೇ ಆದ ಜೀವವಾಗಿ ಬಾಳುತ್ತದೆ. ಮುಖದ ಸಾಮ್ಯವೇ ಬೇರೆ, ವ್ಯಕ್ತಿಯ ಮುಂದುವರಿಕೆಯೇ ಬೇರೆ ಎಂಬ ವಿವೇಚನೆ ತೆಜುಕಾರ ಕೃತಿಗಳಲ್ಲಿ ಇಲ್ಲಿಂದ ಸ್ಪಷ್ಟವಾಗುತ್ತದೆ.

ಇದಕ್ಕೆ ಅವರ ಒಂದು ತಂತ್ರವೂ ಒದಗಿಬಂತು. ‘ಸ್ಟಾರ್ ಪದ್ಧತಿ’ ಎಂದು ಕರೆಯುವ ಈ ತಂತ್ರದಲ್ಲಿ ಪಾತ್ರಗಳು ನಾಟಕ ಕಂಪನಿಯ ನಟರಂತೆ ಒಂದು ಕೃತಿಯಿಂದ ಇನ್ನೊಂದಕ್ಕೆ ಬರುತ್ತವೆ. ಮೀಸೆಯ ಪತ್ತೇದಾರ ಹಿಗೆಒಯಾಜಿ ಒಂದು ಕಡೆ ಮೇಷ್ಟ್ರು, ಇನ್ನೊಂದು ಕಡೆ ಬೇರೇನೋ. ರಾಕ್ ಎಂಬ ಚೆಲುವ ಹುಡುಗ ಮೊದಲು ನಾಯಕ, ಆಮೇಲೆ ಖಳ. ಹಿಂದಿನ ಕಥೆಯ ನೆನಪು ಪಾತ್ರಕ್ಕೆ ಇರುವುದಿಲ್ಲ, ಓದುಗನಿಗೆ ಇರುತ್ತದೆ. ಮೊದಮೊದಲು ಇದು ವಿನೋದವಾಗಿತ್ತು. ‘ಹಿ ನೊ ತೊರಿ’ (ಅಗ್ನಿಪಕ್ಷಿ) ಎಂಬ ಮಹಾಕಥನದಲ್ಲಿ ತೆಜುಕಾ ಇದನ್ನೇ ಜನ್ಮಾಂತರವನ್ನು ತೋರಿಸುವ ಸಾಧನ ಮಾಡಿಕೊಂಡರು. ಗದ್ಯದಲ್ಲಿ ‘ಇವನೇ ಅವನು’ ಎಂದು ಬರೆದರೆ ಒಂದು ಸಿದ್ಧಾಂತವನ್ನು ಒಪ್ಪಿದಂತಾಗುತ್ತದೆ. ಚಿತ್ರದಲ್ಲಿ ಅದೇ ಮುಖ ಬರೆದರೆ ಸಂಬಂಧ ಕಾಣುತ್ತದೆ, ಸಂಬಂಧದ ಸ್ವರೂಪ ಮಾತ್ರ ತೆರೆದೇ ಉಳಿಯುತ್ತದೆ. ಅವನೇ ಅಲ್ಲ, ಬೇರೆಯವನೂ ಅಲ್ಲ ಎಂಬ ನಾಗಸೇನನ ನಿಲುವಿಗೆ ಹೊಂದುವ ಮಾಧ್ಯಮ ಇದು.

‘ಹಿ ನೊ ತೊರಿ’ಯ ಮೊದಲ ಯತ್ನ 1954ರದು. ನಿಜವಾದ ಆರಂಭವೆಂದರೆ 1967ರಲ್ಲಿ ತೆಜುಕಾರ ಸಂಸ್ಥೆಯೇ ಹೊರತಂದ ‘ಕಾಮ್’ ಪತ್ರಿಕೆಯಲ್ಲಿ. ಕಥೆಗಳ ಜೋಡಣೆ ವಿಶಿಷ್ಟವಾದುದು. ಮೊದಲ ಭಾಗ ಪ್ರಾಚೀನ ಕಾಲದಲ್ಲಿ, ಎರಡನೆಯದು ಮನುಕುಲದ ಅಂತ್ಯದಲ್ಲಿ. ಆಮೇಲೆ ಒಮ್ಮೆ ಭೂತ, ಒಮ್ಮೆ ಭವಿಷ್ಯ ಎಂದು ಎರಡೂ ತುದಿಗಳಿಂದ ವರ್ತಮಾನದ ಕಡೆಗೆ ಸರಿಯುತ್ತ ಬರುವ ಯೋಜನೆ. ಎಲ್ಲ ಕಥೆಗಳಲ್ಲೂ ಸಾವಿಲ್ಲದ ಅಗ್ನಿಪಕ್ಷಿ ಇದೆ. ಅದರ ರಕ್ತ ಕುಡಿದವರು ಸಾಯುವುದಿಲ್ಲ ಎಂಬ ನಂಬಿಕೆ ಮನುಷ್ಯರನ್ನು ಅದರ ಬೇಟೆಗೆ ಹಚ್ಚುತ್ತದೆ.

‘ಉದಯ’ ಭಾಗದಲ್ಲಿ, ಮೂರನೆಯ ಶತಮಾನದ ಯಮತಾಯ್ ರಾಜ್ಯದ ರಾಣಿ ಹಿಮಿಕೊ ಮುಪ್ಪಿಗೆ ಹೆದರಿ ಆ ರಕ್ತಕ್ಕಾಗಿ ಸೈನ್ಯ ಕಳಿಸುತ್ತಾಳೆ. ಊರುಗಳು ನಾಶವಾಗುತ್ತವೆ, ಹಕ್ಕಿಯ ದೇಹ ಕೈಗೆ ಬರುವ ಹೊತ್ತಿಗೆ ರಾಣಿಯೇ ಸಾಯುತ್ತಾಳೆ. ‘ಭವಿಷ್ಯ’ ಭಾಗದಲ್ಲಿ ಕ್ರಿ.ಶ. 3404ರ ಮನುಷ್ಯರು ಕಂಪ್ಯೂಟರುಗಳ ಆಳ್ವಿಕೆಯ ಐದು ಭೂಗತ ನಗರಗಳಲ್ಲಿದ್ದಾರೆ. ಎರಡು ಕಂಪ್ಯೂಟರುಗಳ ಜಗಳ ಪರಮಾಣು ಯುದ್ಧವಾಗಿ ಎಲ್ಲವೂ ಸುಟ್ಟುಹೋಗುತ್ತದೆ. ಮಸಾತೊ ಎಂಬ ಯುವಕನಿಗೆ ಮಾತ್ರ ಹಕ್ಕಿ ಸಾವಿಲ್ಲದ ಬಾಳನ್ನು ಕೊಡುತ್ತದೆ. ಹಿಮಿಕೊ ಬಯಸಿ ಪಡೆಯದ್ದನ್ನು ಇವನು ಬಯಸದೆ ಪಡೆಯುತ್ತಾನೆ. ಶೈತ್ಯಪೆಟ್ಟಿಗೆಯಲ್ಲಿ ಮಲಗಿದ್ದಾನೆಂದು ನಂಬಿದ ಇನ್ನೊಬ್ಬ ಮನುಷ್ಯ ಏಳಲೆಂದು ಐದು ಸಾವಿರ ವರ್ಷ ಕಾಯುತ್ತಾನೆ. ಪೆಟ್ಟಿಗೆ ತೆರೆದರೆ ಒಳಗಿರುವುದು ಧೂಳು. ಕೊನೆಗೆ ಸಮುದ್ರಕ್ಕೆ ಜೀವದ ಮೂಲದ್ರವ್ಯಗಳನ್ನು ಬೆರೆಸಿ ಕೋಟ್ಯಂತರ ವರ್ಷ ಕಾಯುತ್ತಾನೆ. ಅವನ ದೇಹ ಸವೆದು ಪ್ರಜ್ಞೆ ಮಾತ್ರ ಉಳಿಯುತ್ತದೆ. ಹೊಸ ಜೀವಿಗಳು ಹುಟ್ಟುತ್ತವೆ. ಬುದ್ಧಿ ಬೆಳೆಸಿಕೊಂಡ ಗೊಂಡೆಹುಳುಗಳು ನಾಗರಿಕತೆ ಕಟ್ಟಿ ತಮ್ಮನ್ನು ತಾವೇ ನಾಶ ಮಾಡಿಕೊಳ್ಳುತ್ತವೆ. ಮತ್ತೆ ಮನುಷ್ಯರು ಬರುತ್ತಾರೆ. ಕಥೆ ‘ಉದಯ’ದ ಬಾಗಿಲಿಗೆ ಮರಳುತ್ತದೆ. ಭಾರತೀಯರ ಕಲ್ಪ–ಪ್ರಳಯಗಳ ಚಕ್ರವನ್ನು ಹೋಲುವ ಈ ವೃತ್ತದಲ್ಲಿ ದೇವರಿಲ್ಲ. ಇರುವುದು ಪರಮಾಣುವಿನೊಳಗೂ ನಕ್ಷತ್ರಮಂಡಲದಲ್ಲೂ ಒಂದೇ ಆಗಿ ವ್ಯಾಪಿಸಿದ ಜೀವ. ಅಗ್ನಿಪಕ್ಷಿ ಅದರ ರೂಪ. ಮಸಾತೊ ಕಡೆಗೆ ಸೇರುವುದೂ ಅದನ್ನೇ.

ವೃತ್ತದ ಒಳಗೆ ಸುತ್ತುವ ಮುಖಗಳಲ್ಲಿ ಮುಖ್ಯವಾದದ್ದು ದಪ್ಪ ಗಂಟುಮೂಗಿನ ಸರುತಾ. ‘ಉದಯ’ದಲ್ಲಿ ಅವನು ಸೇನಾಪತಿ ಸರುತಹಿಕೊ, ಕಣಜಗಳ ಗುಂಡಿಗೆ ತಳ್ಳಲ್ಪಟ್ಟು ಮೂಗು ಊದಿಸಿಕೊಂಡವನು. ‘ಭವಿಷ್ಯ’ದಲ್ಲಿ ಕೃತಕ ಜೀವ ಸೃಷ್ಟಿಸಲು ಒದ್ದಾಡುವ ಒಂಟಿ ವಿಜ್ಞಾನಿ. ನಡುವಿನ ಕಥೆಗಳಲ್ಲೂ ಅದೇ ಮೂಗು, ಅದೇ ಒಂಟಿತನ. ಇವರಲ್ಲಿ ಯಾರಿಗೂ ಹಿಂದಿನವರ ನೆನಪಿಲ್ಲ. ದಾಟಿ ಬಂದದ್ದು ವಿಕಾರ ಮತ್ತು ಯಾತನೆ, ಅದರ ಜೊತೆಗೆ ಅದನ್ನು ಮೀರುವ ಒಂದು ಸಾಧ್ಯತೆ.

ಆ ಸಾಧ್ಯತೆ ಪೂರ್ತಿಯಾಗಿ ಕಾಣುವುದು 1969–70ರ ‘ಹೋ–ಓ’ ಭಾಗದಲ್ಲಿ. ಕಾಲ ಎಂಟನೆಯ ಶತಮಾನ. ನಾರಾದ ತೊದಾಯ್–ಜಿ ದೇಗುಲದಲ್ಲಿ 752ರಲ್ಲಿ ಪ್ರತಿಷ್ಠೆಯಾದ ಮಹಾಬುದ್ಧನ ಕಂಚಿನ ವಿಗ್ರಹ ಸಿದ್ಧವಾಗುತ್ತಿರುವ ದಿನಗಳು. ಸರುತಾನ ಮುಖದ ಗಾಓ ಎಳವೆಯಲ್ಲೇ ಒಂದು ಕಣ್ಣು, ಒಂದು ತೋಳು ಕಳೆದುಕೊಂಡವನು, ಬೆಳೆದು ಕೊಲೆಗಡುಕನಾಗುತ್ತಾನೆ. ಅಕಾನೆಮಾರು ಎಂಬ ಶಿಲ್ಪಿಯ ಕೈಗೆ ಇರಿಯುತ್ತಾನೆ. ತನ್ನನ್ನು ಪ್ರೀತಿಸಿದ ಹೆಣ್ಣನ್ನು ಸಂಶಯದಿಂದ ಕೊಲ್ಲುತ್ತಾನೆ. ಅವಳು ತಾನು ಹಿಂದೊಮ್ಮೆ ಕೊಲ್ಲದೆ ಬಿಟ್ಟ ಗುಲಗಂಜಿ ಹುಳುವೇ ಎಂದು ಆಮೇಲೆ ತಿಳಿಯುತ್ತದೆ. ಐತಿಹಾಸಿಕ ವ್ಯಕ್ತಿಯಾದ ಭಿಕ್ಷು ರೋಬೆನ್ ಅವನನ್ನು ಜೊತೆಗೆ ಕರೆದೊಯ್ಯುತ್ತಾನೆ. ಸರಕಾರ ಧರ್ಮವನ್ನು ತನ್ನ ಲಾಭಕ್ಕೆ ಬಳಸುವುದನ್ನು ಕಂಡು ಬೇಸತ್ತ ರೋಬೆನ್ ಅನ್ನ ಬಿಟ್ಟು ಸಮಾಧಿಸ್ಥನಾಗುತ್ತಾನೆ. ಗುರುವಿನ ಒಣಗಿದ ದೇಹದ ಮುಂದೆ ಗಾಓಗೆ ಹೊಳೆಯುವುದು, ಮನುಷ್ಯನೂ ಹುಳುವೂ ಸಾವಿನಲ್ಲೂ ಬಾಳಿನಲ್ಲೂ ಬೇರೆ ಅಲ್ಲ ಎಂಬುದು. ಅವನೊಳಗಿನ ಕೋಪ ಶಿಲ್ಪವಾಗುತ್ತದೆ. ಅತ್ತ ಸಜ್ಜನನಾಗಿದ್ದ ಅಕಾನೆಮಾರು ಅರಮನೆಯ ಮನ್ನಣೆಗೆ ಸಿಕ್ಕು ಹಮ್ಮು ಬೆಳೆಸಿಕೊಳ್ಳುತ್ತಾನೆ. ದೇಗುಲದ ಸೂರಿನ ಹೆಂಚಿನ ಸ್ಪರ್ಧೆಯಲ್ಲಿ ಗಾಓನ ಹಳೆಯ ಅಪರಾಧವನ್ನು ಎತ್ತಿ ಅವನ ಉಳಿದ ತೋಳನ್ನೂ ಕಡಿಸುತ್ತಾನೆ. ಗಾಓ ಬೆಟ್ಟ ಸೇರಿ ಬಾಯಲ್ಲಿ ಉಳಿ ಕಚ್ಚಿ ಕೆತ್ತುತ್ತಾನೆ. ಅಕಾನೆಮಾರು ಬೆಂಕಿಯಲ್ಲಿ ಸಾಯುತ್ತಾನೆ. ಸಾಯುವ ಮುನ್ನ, ತಾನು ಇನ್ನು ಮನುಷ್ಯನಾಗಿ ಹುಟ್ಟಲಾರೆ ಎಂಬುದನ್ನು ಅಗ್ನಿಪಕ್ಷಿಯಿಂದ ತಿಳಿಯುತ್ತಾನೆ.

ಕರ್ಮದ ಕಥನ ಕನ್ನಡ ಓದುಗರಿಗೆ ಹೊಸತಲ್ಲ. 1209ರ ಜನ್ನನ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯ ಫಲವಾಗಿ ಯಶೋಧರನೂ ಅವನ ತಾಯಿಯೂ ನವಿಲು, ನಾಯಿ ಮೊದಲಾಗಿ ಹಲವು ಪ್ರಾಣಿಜನ್ಮಗಳಲ್ಲಿ ನೋಯುತ್ತಾರೆ. ಅಲ್ಲಿ ಜೀವ ಅದೇ, ಲೆಕ್ಕ ಖಚಿತ, ಕೊನೆಗೆ ಹಿಂದಿನ ಭವಗಳ ಸ್ಮರಣೆಯೂ ಬರುತ್ತದೆ. ಸ್ಮರಣೆಯಿಂದ ವೈರಾಗ್ಯ ಹುಟ್ಟುತ್ತದೆ. ತೆಜುಕಾರಲ್ಲಿ ಸ್ಮರಣೆ ಬಹುಮಟ್ಟಿಗೆ ಇಲ್ಲ. ಗಾಓ ತನ್ನ ಪೂರ್ವಜನ್ಮದ ಋಣ ತೀರಿಸಿ ದೊಡ್ಡವನಾಗುವುದಿಲ್ಲ. ಬೇರೆ ಜೀವಗಳ ನೋವು ತನ್ನ ನೋವೇ ಎಂದು ಕಂಡು ದೊಡ್ಡವನಾಗುತ್ತಾನೆ. ಜನ್ನನಿಗೆ ಮರುಹುಟ್ಟು ಒಂದು ಜೀವದ ಚರಿತ್ರೆಯಾದರೆ, ತೆಜುಕಾರಿಗೆ ಅದು ಜೀವಗಳ ನಡುವಿನ ನೆಂಟಸ್ತಿಕೆ.

ಈ ನೆಂಟಸ್ತಿಕೆಯ ತಾರ್ಕಿಕ ಕೊನೆ 1981ರ ‘ಇಗ್ಯೋ’ ಭಾಗದಲ್ಲಿದೆ. ಕ್ರೂರಿ ತಂದೆಯೊಬ್ಬ ಗಂಡಿನಂತೆ ಬೆಳೆಸಿದ ಸಕೊನ್‌ನೊಸುಕೆ ಎಂಬ ಹೆಣ್ಣು, ತಂದೆಯ ರೋಗ ವಾಸಿಮಾಡಬಲ್ಲ ಭಿಕ್ಷುಣಿಯನ್ನು ಕೊಲ್ಲುತ್ತಾಳೆ. ಅದಾದ ಮೇಲೆ ಮಠದಿಂದ ಹೊರಬರಲಾಗದೆ ಅದೇ ಭಿಕ್ಷುಣಿಯ ವೇಷ ತೊಟ್ಟು, ಗಾಯಗೊಂಡು ಬರುವ ಮನುಷ್ಯರಿಗೂ ವಿಚಿತ್ರ ಪ್ರಾಣಿಗಳಿಗೂ ಚಿಕಿತ್ಸೆ ಮಾಡುತ್ತಾಳೆ. ಕಾಲ ಹಿಂದಕ್ಕೆ ಸರಿದಿದೆ. ಮುಂದೊಂದು ದಿನ ತನ್ನನ್ನು ಕೊಲ್ಲಲು ಬರುವವಳು ತಾನೇ ಎಂದು ಅವಳಿಗೆ ಗೊತ್ತಾಗುತ್ತದೆ. ಇಲ್ಲಿ ಕೊಂದವಳೂ ಸತ್ತವಳೂ ಒಬ್ಬಳೇ. ಕರ್ಮಫಲ ಹೊರಗಿನಿಂದ ಬಂದ ಶಿಕ್ಷೆಯಲ್ಲ. ಮಾಡಿದ ಕೃತ್ಯವನ್ನು ಅದಕ್ಕೆ ತುತ್ತಾದವಳ ಜಾಗದಲ್ಲಿ ನಿಂತು ಅನುಭವಿಸುವುದೇ ಫಲ.

ಭವಿಷ್ಯದ ಕಥೆಗಳು ಇದೇ ಪ್ರಶ್ನೆಯನ್ನು ಯಂತ್ರಗಳ ಮೂಲಕ ಕೇಳುತ್ತವೆ. ‘ಪುನರುತ್ಥಾನ’ ಭಾಗದಲ್ಲಿ ಸತ್ತ ಲಿಯೋನಾ ಎಂಬವನನ್ನು ಕೃತಕ ಮಿದುಳಿನಿಂದ ಬದುಕಿಸುತ್ತಾರೆ. ಅವನ ಕಣ್ಣಿಗೆ ಮನುಷ್ಯರು ವಿಕಾರ ಮುದ್ದೆಗಳಾಗಿ ಕಾಣುತ್ತಾರೆ, ರೋಬೊ ಒಂದು ಚೆಲುವೆಯಾಗಿ ಕಾಣುತ್ತದೆ. ಕೊನೆಗೆ ಇಬ್ಬರ ಪ್ರಜ್ಞೆಯೂ ಬೆರೆತು ರೊಬಿತಾ ಎಂಬ ಯಂತ್ರ ಹುಟ್ಟುತ್ತದೆ. ಅದರ ಪ್ರತಿಗಳು ಸಾಲುಗಟ್ಟಿ ತಯಾರಾಗುತ್ತವೆ. ಮನುಷ್ಯನ ನೆನಪು ಉಳಿದಿರುವ ಈ ಯಂತ್ರ ಮನುಷ್ಯನೇ? 1980ರ ‘ಜೀವ’ ಭಾಗದಲ್ಲಿ ತದ್ರೂಪಿ ಮನುಷ್ಯರನ್ನು ಬೇಟೆಯಾಡುವ ಟಿವಿ ಕಾರ್ಯಕ್ರಮಕ್ಕೆ ಹೊರಟ ನಿರ್ಮಾಪಕನೇ ತದ್ರೂಪಿಗಳ ಗುಂಪಿನಲ್ಲಿ ಒಬ್ಬನಾಗುತ್ತಾನೆ. ಮೂಲ ಯಾರೆಂದು ಹೇಳುವವರೇ ಇಲ್ಲ. ದೇಹ, ನೆನಪು, ಮುಖ ಇವುಗಳಲ್ಲಿ ಯಾವುದನ್ನು ಹಿಡಿದರೂ ‘ನಾನು’ ಕೈಗೆ ಸಿಗುವುದಿಲ್ಲ. ಅನಾತ್ಮವಾದಕ್ಕೆ ಕಲ್ಪನೆಯ ವಿಜ್ಞಾನ ಕೊಟ್ಟ ಸಾಕ್ಷ್ಯ ಇದು.

ತೆಜುಕಾರ ಇನ್ನೊಂದು ದೀರ್ಘ ಕೃತಿ ‘ಬುದ್ಧ’ 1972ರಿಂದ 1983ರವರೆಗೆ ಪ್ರಕಟವಾಯಿತು. ಪ್ರಕಾಶಕರು ನಿಚಿರೆನ್ ಪರಂಪರೆಯ ಗೃಹಸ್ಥ ಸಂಘಟನೆಯಾದ ಸೊಕಾ ಗಕ್ಕಾಯ್‌ಗೆ ಸೇರಿದ ಉಶಿಯೊ ಸಂಸ್ಥೆ. ಆದರೆ ಕೃತಿ ಯಾವ ಪಂಥದ ಪಠ್ಯವೂ ಅಲ್ಲ. ಮುದುಕನೊಬ್ಬನ ಹಸಿವು ನೀಗಲು ಬೆಂಕಿಗೆ ಹಾರಿದ ಮೊಲದ ಜಾತಕಕಥೆಯಿಂದ ಅದು ತೊಡಗುತ್ತದೆ. ಸಿದ್ಧಾರ್ಥ ಹುಟ್ಟುವ ಮೊದಲೇ ಬಹಳಷ್ಟು ಪುಟಗಳು ಕಲ್ಪಿತ ಪಾತ್ರಗಳಿಗೆ ಮೀಸಲು: ಸೇನಾಪತಿಯ ಮಗನಾಗಿ ನಟಿಸುವ ಗುಲಾಮ ಚಪ್ರ, ಪ್ರಾಣಿಗಳ ಮನಸ್ಸಿನೊಳಗೆ ಹೊಗಬಲ್ಲ ಅಂತ್ಯಜ ಹುಡುಗ ತತ್ತ. ಒಬ್ಬ ಮನುಷ್ಯಜೀವಿಯನ್ನು ಉಳಿಸಲು ಹಲವು ಪ್ರಾಣಿಗಳನ್ನು ಸಾಯಿಸಿದ್ದಕ್ಕೆ ನರದತ್ತನೆಂಬ ಭಿಕ್ಷು ದಶಕಗಳ ಕಾಲ ಪ್ರಾಣಿಯಂತೆ ನಾಲ್ಕು ಕಾಲಲ್ಲಿ ಬಾಳಬೇಕಾಗುತ್ತದೆ. ಮನುಷ್ಯಜೀವಕ್ಕೆ ಹೆಚ್ಚಿನ ತೂಕವಿಲ್ಲ ಎಂಬ ನಿಲುವನ್ನು ತೆಜುಕಾ ಇಷ್ಟು ನಿಷ್ಠುರವಾಗಿ ಬೇರೆಲ್ಲೂ ಹೇಳಿಲ್ಲ. ಸಿದ್ಧಾರ್ಥನ ಕೊನೆಯ ಅರಿವೂ ಸಂಪ್ರದಾಯದ ಕಥೆಗಿಂತ ಬೇರೆ. ತಂದೆಯನ್ನು ಸಾಯಿಸಿದ ಅಜಾತಶತ್ರುವಿನ ತಲೆಯ ಗಡ್ಡೆಯನ್ನು ಬೆರಳಿಟ್ಟು ಗುಣಪಡಿಸುವಾಗ, ಆ ಪಾಪಿಯ ಮುಖದಲ್ಲಿ ಮೂಡಿದ ನಗೆ ಬುದ್ಧನಿಗೆ ಕಲಿಸುತ್ತದೆ: ದೈವತ್ವ ಇರುವುದು ಮನುಷ್ಯನ ಎದೆಯೊಳಗೆ. ಈ ಕೃತಿಗೆ 1975ರಲ್ಲಿ ಬುಂಗೆಯ್‌ಶುಂಜು ಪ್ರಶಸ್ತಿ ಬಂತು. ಇಂಗ್ಲಿಷ್ ಅನುವಾದಕ್ಕೆ 2004 ಮತ್ತು 2005ರಲ್ಲಿ ಐಸ್ನರ್ ಪ್ರಶಸ್ತಿಗಳು ಬಂದವು.

‘ಬುದ್ಧ’ದ ಕಾಲವೇ ತೆಜುಕಾರ ಬದುಕಿನ ಕಷ್ಟಕಾಲ. ಅವರ ಅನಿಮೇಷನ್ ಸಂಸ್ಥೆ ಮುಶಿ ಪ್ರೊಡಕ್ಷನ್ 1973ರಲ್ಲಿ ದಿವಾಳಿಯಾಯಿತು. ಅದೇ ವರ್ಷ ಶುರುವಾದ ‘ಬ್ಲ್ಯಾಕ್ ಜಾಕ್’ ಅವರ ಹೆಸರನ್ನು ಮತ್ತೆ ಎತ್ತಿ ನಿಲ್ಲಿಸಿತು. ಪರವಾನಗಿಯಿಲ್ಲದ ಈ ಶಸ್ತ್ರವೈದ್ಯ ಸಾವಿನೊಂದಿಗೆ ಹಟಕ್ಕೆ ಬೀಳುತ್ತಾನೆ. ಅವನೆದುರು ದಯಾಮರಣ ಕೊಡುವ ಡಾ. ಕಿರಿಕೊ ಇದ್ದಾನೆ, ಜೀವಿಗಳ ಹುಟ್ಟುಸಾವನ್ನು ತನ್ನ ಇಷ್ಟದಂತೆ ನಡೆಸಲು ಹೊರಡುವುದು ಮನುಷ್ಯನ ಸೊಕ್ಕಲ್ಲವೇ ಎಂದು ಕೇಳುವ ಗುರು ಹೊನ್ಮಾ ಇದ್ದಾನೆ. ಅಮರತ್ವದ ಆಸೆಯನ್ನು ಖಂಡಿಸುವ ತೆಜುಕಾ ಜೀವ ಉಳಿಸುವ ಯತ್ನವನ್ನು ಖಂಡಿಸುವುದಿಲ್ಲ. ಸಾವನ್ನು ಒಪ್ಪುವುದೆಂದರೆ ಎದುರಿಗಿರುವ ರೋಗಿಯನ್ನು ಕೈಬಿಡುವುದಲ್ಲ.

‘ಹಿ ನೊ ತೊರಿ’ಯ 1986–88ರ ‘ಸೂರ್ಯ’ ಭಾಗ ಧರ್ಮ ಮತ್ತು ಅಧಿಕಾರದ ಸಂಬಂಧವನ್ನು ನೇರವಾಗಿ ಎತ್ತಿಕೊಳ್ಳುತ್ತದೆ. ಏಳನೆಯ ಶತಮಾನದ ಜಪಾನಿನಲ್ಲಿ ರಾಜಾಶ್ರಯದ ಬೌದ್ಧಧರ್ಮ ನಾಡಿನ ಹಳೆಯ ದೈವಗಳನ್ನು ಹತ್ತಿಕ್ಕುತ್ತದೆ. ಭವಿಷ್ಯದ ಇನ್ನೊಂದು ಎಳೆಯಲ್ಲಿ ಅಗ್ನಿಪಕ್ಷಿಯನ್ನೇ ಪೂಜಿಸುವ ಪಂಥವೊಂದು ಒಪ್ಪದವರನ್ನು ನೆಲದಡಿಗೆ ತಳ್ಳುತ್ತದೆ. ಒಂದು ನಂಬಿಕೆ ನಿಜವೋ ಸುಳ್ಳೋ ಎಂಬುದಕ್ಕಿಂತ, ಅಧಿಕಾರ ಅದನ್ನು ಹಿಡಿದಾಗ ಏನಾಗುತ್ತದೆ ಎಂಬುದು ಇಲ್ಲಿ ಮುಖ್ಯ. ಬುದ್ಧನನ್ನು ಅಷ್ಟು ಪ್ರೀತಿಯಿಂದ ಬರೆದವರೇ ಬೌದ್ಧರ ದಬ್ಬಾಳಿಕೆಯನ್ನೂ ಬರೆದರು.

ತೆಜುಕಾರ ಉತ್ತರದಲ್ಲಿ ಎರಡು ಬಿರುಕುಗಳಿವೆ. ವ್ಯಕ್ತಿ ಮುಂದುವರಿಯುವುದಿಲ್ಲ ಎಂದಾದರೆ ಅಕಾನೆಮಾರುವಿನ ಹಮ್ಮಿಗೆ ಮುಂದೆ ಪ್ರಾಣಿಯಾಗಿ ಹುಟ್ಟುವ ಜೀವಿ ಏಕೆ ಬೆಲೆ ತೆರಬೇಕು? ಇಂಥ ಕಡೆ ಅವರು ಕಥೆಯ ನ್ಯಾಯಕ್ಕಾಗಿ ಲೆಕ್ಕಾಚಾರದ ಕರ್ಮವನ್ನೇ ಬಳಸುತ್ತಾರೆ. ‘ಇಗ್ಯೋ’ದಲ್ಲಿ ಸಾಧಿಸಿದ ಬಿಗಿ ಎಲ್ಲ ಕಡೆ ಇಲ್ಲ. ಎರಡನೆಯದು ಇನ್ನೂ ಆಳದ್ದು. ವ್ಯಕ್ತಿಗತ ಆತ್ಮವನ್ನು ಬಿಟ್ಟುಕೊಟ್ಟ ಮೇಲೆ ಅವರು ತರುವ ವಿಶ್ವವ್ಯಾಪಿ ಜೀವ, ಎಲ್ಲವೂ ಅದರಿಂದ ಬಂದು ಅದರೊಳಗೆ ಕರಗುವ ಒಂದೇ ತತ್ತ್ವ. ಅದು ಉಪನಿಷತ್ತುಗಳ ಬ್ರಹ್ಮಕ್ಕೆ ಹತ್ತಿರ. ಥೇರವಾದಿ ಬೌದ್ಧನೊಬ್ಬ, ಬಾಗಿಲಲ್ಲಿ ಹೊರಹಾಕಿದ ಆತ್ಮವನ್ನು ಕಿಟಕಿಯಲ್ಲಿ ಒಳಬಿಟ್ಟಿರಿ ಎಂದು ಆಕ್ಷೇಪಿಸಬಹುದು. ಎಲ್ಲ ಜೀವಿಗಳಲ್ಲೂ ಬುದ್ಧಸ್ವಭಾವವಿದೆ ಎನ್ನುವ ಪೂರ್ವ ಏಷ್ಯಾದ ಮಹಾಯಾನಕ್ಕೆ ಇದು ಅಷ್ಟು ಪರಕೀಯವಲ್ಲ. ಅದ್ವೈತಿಗೂ ಇದು ಪೂರ್ತಿ ಒಗ್ಗುವುದಿಲ್ಲ. ತೆಜುಕಾರಲ್ಲಿ ಜಗತ್ತು ಮಿಥ್ಯೆಯಲ್ಲ, ಹುಳುವಿನ ನೋವೂ ನಿಜವೇ.

ತೆಜುಕಾ 1989ರ ಫೆಬ್ರುವರಿ 9ರಂದು ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡರು. 700ಕ್ಕೂ ಹೆಚ್ಚು ಕೃತಿಗಳು, ಸುಮಾರು 1,50,000 ಪುಟಗಳು ಅವರ ಹೆಸರಿನಲ್ಲಿವೆ. ‘ನಿಯೊ ಫೌಸ್ಟ್’ ಸೇರಿದಂತೆ ಕೆಲವು ಅರ್ಧಕ್ಕೆ ನಿಂತವು. ತಕರಾಜುಕಾದಲ್ಲಿ 1994ರಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. ‘ಹಿ ನೊ ತೊರಿ’ಯೂ ಮುಗಿಯಲಿಲ್ಲ. ಭೂತ–ಭವಿಷ್ಯಗಳು ಸೇರಬೇಕಿದ್ದ ವರ್ತಮಾನದ ಕಥೆ ಬರೆಯದೆ ಉಳಿಯಿತು. ಅದರಿಂದ ಕಥನ ಅಪೂರ್ಣವಾದರೂ ಚಿಂತನೆಯ ರೂಪರೇಖೆ ಅಸ್ಪಷ್ಟವಾಗಿಲ್ಲ. ಬರೆದಷ್ಟು ಭಾಗಗಳಲ್ಲಿ ಅಮರತ್ವ ಬೇಡಿದವರೆಲ್ಲ ಬಾಳನ್ನು ಕಳೆದುಕೊಂಡರು, ಬೇರೆ ಜೀವವನ್ನು ತಮ್ಮದೆಂದು ಕಂಡವರು ಸಾವಿನ ಭಯ ಮೀರಿದರು. ಮತ್ತೆ ಹುಟ್ಟುವುದು ಯಾರು ಎಂಬ ಪ್ರಶ್ನೆಗೆ ತೆಜುಕಾ ಕೊಟ್ಟದ್ದು ಶಾಸ್ತ್ರದ ಉತ್ತರಕ್ಕಿಂತ ಹೆಚ್ಚಾಗಿ ನಡೆಯ ಉತ್ತರ: ಮುಂದೆ ಹುಟ್ಟುವ ಜೀವ ‘ನಾನೇ’ ಆಗಿರಬೇಕಿಲ್ಲ, ಅದರ ನೋವಿಗೆ ಇಂದಿನ ನಾನು ಹೊಣೆ ಎಂದು ತಿಳಿದರೆ ಸಾಕು.